ಟೋಮನ್ ಮೀನು ಹಿಡಿಯೋಕೆ ಮಲೇಷ್ಯಾಗೆ ಹೊರಟಿದ್ದೇನೆ, ನಮ್ಮ ನಾಲೆ ಬುದ್ಧಿ ಅಲ್ಲಿ ನಡೆಯುತ್ತಾ?

ನಾಲೆಬದಿಯವ

ಎಲ್ಲರಿಗೂ ನಮಸ್ಕಾರ. ಮಂಡ್ಯ ಪಕ್ಕದ ಹಳ್ಳಿಯವನು ನಾನು. ವಿ.ಸಿ. ನಾಲೆ, ಊರ ಕೆರೆ, ಬೇಸಿಗೆಯಲ್ಲಿ ಕೊಕ್ಕರೆ ಬೆಳ್ಳೂರು ಕಡೆಯ ಶಿಂಷಾ, ಇಷ್ಟೇ ನನ್ನ ಪ್ರಪಂಚ. ಎರೆಹುಳು ಚುಚ್ಚಿ ಜಿಲೇಬಿ ಮೀನು, ಗೆಂಡೆ ಮೀನು ಹಿಡಿದುಕೊಂಡಿದ್ದೆ. ಆಮೇಲೆ ರಬ್ಬರ್ ಕಪ್ಪೆ ಎಸೆದು ಕೊರವ ಮೀನು ಹಿಡಿಯುವ ಹುಚ್ಚು ಹತ್ತಿತು, ಇನ್ನೂ ಇಳಿದಿಲ್ಲ.

ನನ್ನ ಬಾಮೈದ ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದಾನೆ. ಅವನು ಮತ್ತು ಅವನ ಗೆಳೆಯರು ಮಾರ್ಚ್‌ನಲ್ಲಿ ಪೆರಾಕ್ ರಾಜ್ಯದ ಟೆಮೆಂಗೋರ್ ಜಲಾಶಯದಲ್ಲಿ ಮೂರು ದಿನಕ್ಕೆ ದೋಣಿಮನೆ ಮಾಡಿದ್ದಾರೆ. ಒಂದು ಜಾಗ ಖಾಲಿ ಇದೆ, ಬಾ ಭಾವ ಅಂತಾನೆ. ಅಲ್ಲಿ ಟೋಮನ್ ಅಂತ ಒಂದು ಮೀನು ಇದೆಯಂತೆ, ಫೋಟೋ ನೋಡಿದರೆ ನಮ್ಮ ಕೊರವನ ದೊಡ್ಡಪ್ಪನ ಹಾಗಿದೆ, ಅದೇ ತಲೆ, ಅದೇ ಬಾಯಿ, ಆದರೆ ತೊಡೆ ದಪ್ಪ. ನಾನು ಹಿಡಿದ ದೊಡ್ಡ ಕೊರವ ಎರಡು ಕೆಜಿ ಇರಲಿಲ್ಲ, ಅದೂ ಅಳೆಯುವಾಗ ಬೆರಳಿಟ್ಟು ಒತ್ತಿದ್ದಕ್ಕೆ ಅಷ್ಟು ಬಂತು.

ನನ್ನ ಕಡ್ಡಿ, ದಾರ ಅಲ್ಲಿ ನಡೆಯುತ್ತಾ? ಗೊತ್ತಿಲ್ಲದ ನೀರಿನಲ್ಲಿ ಮೀನು ಎಲ್ಲಿದೆ ಅಂತ ಹೇಗೆ ತಿಳಿಯೋದು? ಇನ್ನೊಂದು, ನಗಬೇಡಿ, ರಾಗಿ ಹಿಟ್ಟು ತೆಗೆದುಕೊಂಡು ಹೋಗಲಾ?

ಪುಟ್ಗಾಳ

ಅಣ್ಣ ವೀಸಾಗೆ ಎಷ್ಟಾಯ್ತು? ನನ್ನನ್ನೂ ಸೂಟ್‌ಕೇಸಲ್ಲಿ ಹಾಕಿಕೊಂಡು ಹೋಗಿ.

ನಾಲೆಬದಿಯವ

ವೀಸಾ ಖರ್ಚೇ ಇಲ್ಲಪ್ಪ. 2023ರ ಡಿಸೆಂಬರ್‌ನಿಂದ ನಮ್ಮವರಿಗೆ 30 ದಿನದವರೆಗೆ ವೀಸಾ ಇಲ್ಲದೆ ಬಿಡ್ತಿದ್ದಾರೆ. ಬೆಂಗಳೂರಿಂದ ನಾಲ್ಕು ಗಂಟೆ ವಿಮಾನ ಅಷ್ಟೇ. ಮನೆಯಲ್ಲಿ ಒಪ್ಪಿಸೋದಕ್ಕೆ ಬೇಕಾದ ವೀಸಾನೇ ಕಷ್ಟ ಆಯ್ತು.

ಮಳೆಕಾಡು

ನಾನು ಮೈಸೂರು ಸರಸ್ವತಿಪುರಂನವಳು, ಹನ್ನೊಂದು ವರ್ಷದಿಂದ ಕೌಲಾಲಂಪುರದಲ್ಲಿದ್ದೇನೆ. ಟೆಮೆಂಗೋರ್‌ಗೆ ನಾಲ್ಕು ಸಲ ಹೋಗಿದ್ದೇನೆ. ಯಜಮಾನರು ದೋಣಿಯಲ್ಲಿ ನಿದ್ದೆ ಮಾಡುತ್ತಾರೆ, ಗಾಳ ಹಾಕೋದು ನಾನೇ.

ಮೊದಲು ಜಾಗದ ಬಗ್ಗೆ ಹೇಳ್ತೀನಿ. ಕಬಿನಿ ಹಿನ್ನೀರು ನೋಡಿದ್ದೀರಲ್ಲ, ಒಣಮರಗಳು ನೀರಿನಿಂದ ಎದ್ದು ನಿಂತಿರುತ್ತವಲ್ಲ, ಹಾಗೇ ಇದೆ ಅಂದುಕೊಳ್ಳಿ. ಆದರೆ ಸುತ್ತ ದಟ್ಟ ಮಳೆಕಾಡು. 1970ರ ದಶಕದಲ್ಲಿ ಅಣೆಕಟ್ಟು ಕಟ್ಟಿದಾಗ ಕಾಡು ನಿಂತ ಹಾಗೇ ಮುಳುಗಿತು. ಮಲೇಷ್ಯಾದ ಪರ್ಯಾಯದ್ವೀಪ ಭಾಗದಲ್ಲಿ ಕೆನ್ಯಿರ್ ಕೆರೆ ಬಿಟ್ಟರೆ ಇದೇ ದೊಡ್ಡ ಕೃತಕ ಕೆರೆ. ನೀರೊಳಗೆ ಮರದ ಬೊಡ್ಡೆ ಎಲ್ಲೆಲ್ಲಿ ಇದೆ ಅಂತ ದೋಣಿಯವರಿಗೆ ಮಾತ್ರ ಗೊತ್ತು. ಟೋಮನ್ ಗಾಳಕ್ಕೆ ಬಿದ್ದ ಕೂಡಲೇ ಆ ಬೊಡ್ಡೆಗಳ ಕಡೆಗೇ ನುಗ್ಗುತ್ತೆ. ಮೊದಲ ಐದು ಸೆಕೆಂಡಿನಲ್ಲಿ ತಡೆಯದಿದ್ದರೆ ಮೀನೂ ಇಲ್ಲ, ಲೂರೂ (ಗಾಳ ಕಟ್ಟಿದ ನಕಲಿ ಆಹಾರ) ಇಲ್ಲ.

ಅದಕ್ಕೇ ನಿಮ್ಮ ಕೊರವದ ಸಾಮಾನು ಸಾಲದು. 40 ಅಥವಾ 50 ಪೌಂಡ್ ತಡೆಯುವ ಬ್ರೇಡ್ (ಹೆಣೆದ) ದಾರ, ಅದರ ತುದಿಗೆ ಒಂದು ಗೇಣು ಉಕ್ಕಿನ ತಂತಿ ಇಲ್ಲವೇ ದಪ್ಪ ಲೀಡರ್ ದಾರ. ಟೋಮನ್ ಹಲ್ಲು ಕೊರವನ ಹಲ್ಲಲ್ಲ, ಸಾಮಾನ್ಯ ನೈಲಾನ್ ಒಂದೇ ಕಚ್ಚಿಗೆ ಹೋಗುತ್ತೆ. ಅಂಗಡಿಯಿಂದ ತಂದ ಲೂರಿನ ಗಾಳ, ಉಂಗುರ ತೆಗೆದು ಗಟ್ಟಿಯದು ಹಾಕಿ, ನಾನು ಎರಡು ಉಂಗುರ ನೇರ ಆಗಿ ಬಂದದ್ದು ನೋಡಿದ್ದೇನೆ. ಗಾಳದ ಒಳಮುಳ್ಳು ಇಕ್ಕಳದಲ್ಲಿ ಚಪ್ಪಟೆ ಮಾಡಿಬಿಡಿ, ಮೀನು ಬಿಡೋಕೂ ಸುಲಭ, ನಿಮ್ಮ ಕೈಗೆ ಚುಚ್ಚಿದರೂ ಸುಲಭ. ರಬ್ಬರ್ ಕಪ್ಪೆ ತನ್ನಿ. ಇಲ್ಲಿಯವರು ಹಿಂದೆ ತಿರುಗುವ ತಗಡು ಇರುವ ಕಪ್ಪೆ ಹಾಕುತ್ತಾರೆ, ಅದು ಗೆರಿಕ್ ಊರಿನ ಅಂಗಡಿಯಲ್ಲೇ ಸಿಗುತ್ತೆ.

ಮಧ್ಯಾಹ್ನ ಮೋಡ ಕಟ್ಟಿದರೆ ದಡಕ್ಕೆ ಬನ್ನಿ, ವಾದ ಬೇಡ. ಇಲ್ಲಿಯ ಗುಡುಗು ಮಳೆ ಹತ್ತು ನಿಮಿಷದಲ್ಲಿ ತಲೆ ಮೇಲೆ ಬರುತ್ತೆ, ನಿಮ್ಮ ಕೈಯಲ್ಲಿರೋ ಕಾರ್ಬನ್ ಕಡ್ಡಿ ಮಿಂಚಿಗೆ ಒಳ್ಳೇ ದಾರಿ. ಮೇಲ್ಭಾಗದ ರಾಯಲ್ ಬೆಲುಮ್ ಉದ್ಯಾನದೊಳಗೆ ಹೋಗುವುದಾದರೆ ಮೊದಲೇ ಅನುಮತಿ ಬೇಕು. ಇಂಬಳ ಇವೆ, ಆನೆ ಇವೆ, ಹುಲಿನೂ ಇದೆ. ಕಾಲಲ್ಲಿ ಗಾಯ ಇದ್ದರೆ ಬರಿಗಾಲಲ್ಲಿ ನೀರಿಗೆ ಇಳಿಯಬೇಡಿ, ಇಲಿ ಜ್ವರ ಇಲ್ಲೂ ಇದೆ.

ನಿಮ್ಮ ಕೊರವ ಇದೆಯಲ್ಲ, ಅದೇ ಜಾತಿ ಮೀನು ಇಲ್ಲೂ ಇದೆ, ಹರುವಾನ್ ಅಂತಾರೆ. ಬಾಣಂತಿಯರಿಗೆ, ಆಪರೇಷನ್ ಆದವರಿಗೆ ಅದರ ಸಾರು ಕೊಡುತ್ತಾರೆ, ಗಾಯ ಬೇಗ ಮಾಯುತ್ತೆ ಅಂತ. ನನ್ನ ಹೆರಿಗೆ ಆದಾಗ ಪಕ್ಕದ ಮನೆಯ ಮಲಯ್ ಅಜ್ಜಿ ತಂದುಕೊಟ್ಟರು. ನಮ್ಮಮ್ಮನೂ ಊರಿಂದ ಫೋನಿನಲ್ಲಿ ಅದನ್ನೇ ಹೇಳ್ತಿದ್ದರು!

ನಾಲೆಬದಿಯವ

ಮೇಡಂ, ಇಷ್ಟು ಬರೆದಿದ್ದಕ್ಕೆ ಕೈ ಮುಗಿದೆ. ನಮ್ಮ ಕಡೆನೂ ಕಾಯಿಲೆ ಬಿದ್ದು ಎದ್ದವರಿಗೆ ಕೊರವನ ಸಾರೇ. ಕಡ್ಡಿ ವಿಮಾನದಲ್ಲಿ ಹೇಗೆ ಸಾಗಿಸೋದು?

ಮಳೆಕಾಡು

ನಾಲ್ಕು ತುಂಡಾಗುವ ಕಡ್ಡಿ ಸಿಗುತ್ತೆ, ಅದಾದರೆ ಬಟ್ಟೆ ಚೀಲದಲ್ಲೇ ಹಿಡಿಯುತ್ತೆ. ಇಲ್ಲ ಅಂದರೆ ಗದ್ದೆಗೆ ಹಾಕೋ ಪಿವಿಸಿ ಪೈಪ್ ಮನೆಯಲ್ಲಿ ಇದ್ದೇ ಇರುತ್ತಲ್ಲ, ಎರಡು ಕಡೆ ಮುಚ್ಚಳ ಹಾಕಿ ಲಗೇಜಿಗೆ ಕೊಡಿ. ಗಾಳ, ಲೂರು, ಇಕ್ಕಳ ಯಾವುದೂ ಕೈಚೀಲದಲ್ಲಿ ಬೇಡ, ಕಿತ್ತುಕೊಳ್ಳುತ್ತಾರೆ.

ಕೆರೆಏರಿ

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಪರದೇಶದ ಮೀನು ಹಿಡಿಯೋಕೆ ಪರದೇಶಕ್ಕೆ ಯಾಕೆ ಹೋಗಬೇಕು? ಅವೇ ಇಲ್ಲಿಗೆ ಬಂದು ಕೂತಿವೆ. ನೀವು ಚಿಕ್ಕಂದಿನಿಂದ ಹಿಡಿದ ಜಿಲೇಬಿ ಆಫ್ರಿಕಾದ್ದು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ಮಾರ್ಕೆಟ್‌ನಲ್ಲಿ ಚೆಂದದ ಹೆಸರಿಟ್ಟು ಮಾರುವ ರೂಪ್‌ಚಂದ್ ಇದೆಯಲ್ಲ, ಅದು ಅಮೆಜಾನಿನ ಪಾಕು, ಪಿರಾನಾದ ನೆಂಟ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು ಅಂತ 2000ದಲ್ಲೇ ನಿಷೇಧ ಆಗಿದೆ, ಆದರೂ ಕೋಳಿ ಅಂಗಡಿಯ ಕಸ ತಿನ್ನಿಸಿ ಕದ್ದು ಸಾಕುವವರು ಇದ್ದೇ ಇದ್ದಾರೆ, ಹೊಂಡ ತುಂಬಿ ಹರಿದಾಗ ಎಲ್ಲಾ ನಾಲೆಗೆ. ಗಾಜಿನ ತೊಟ್ಟಿ ಒರೆಸುತ್ತೆ ಅಂತ ತಂದ ಸಕ್ಕರ್ ಮೀನು ಬೆಳೆದಾಗ ಕೆರೆಗೆ ಬಿಡ್ತಾರೆ, ಅದಕ್ಕೆ ಇಲ್ಲಿ ಶತ್ರುವೇ ಇಲ್ಲ, ಬಲೆ ಹರಿದುಹಾಕುತ್ತೆ. ನಮ್ಮ ಕೆರೆಯಲ್ಲಿ ಕಳೆದ ವರ್ಷ ಬಲೆ ಎಳೆದಾಗ ಅರ್ಧ ಅದೇ ಇತ್ತು.

ಹೋಗಿ ಬನ್ನಿ, ಆದರೆ ಮರಿ ಚೆನ್ನಾಗಿದೆ ಅಂತ ಕವರಿನಲ್ಲಿ ಒಂದೆರಡು ತಂದೀರಿ ಜೋಕೆ. ಕೇರಳದ ಹೊಳೆಗಳಲ್ಲಿ ಟೋಮನ್ನಿನ ಹತ್ತಿರದ ನೆಂಟ ಒಂದಿದೆ. ಅದನ್ನೂ ಇದನ್ನೂ ಒಂದೇ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು, ಬೇರೆ ಅಂತ ಖಚಿತವಾಗಿದ್ದು 2011ರಲ್ಲಿ. ಅದು ಪಶ್ಚಿಮಘಟ್ಟ ಬಿಟ್ಟು ಎಲ್ಲೂ ಇಲ್ಲ. ಅದರ ಪಕ್ಕಕ್ಕೆ ಹೊರಗಿನ ಟೋಮನ್ ಬಂದು ಸೇರಿದರೆ ಮುಗೀತು.

ನಾಲೆಬದಿಯವ

ಮರಿ ಗಿರಿ ಏನೂ ತರಲ್ಲ ಸಾರ್. ನನ್ನ ಹೆಂಡತಿ ಚಾಕೊಲೇಟ್ ಮಾತ್ರ ಕೇಳಿದ್ದಾಳೆ.

ಹಳೇಗಾಳ

ಶ್ರೀರಂಗಪಟ್ಟಣದಿಂದ ಬರೀತಿದ್ದೇನೆ. ವಯಸ್ಸಾಯ್ತು, ಬೆರಳು ನಿಧಾನ, ತಪ್ಪಿದ್ದರೆ ಓದಿಕೊಳ್ಳಿ.

ಗೊತ್ತಿಲ್ಲದ ನೀರು ಅಂದಿರಲ್ಲ, ಒಂದು ಕಾಲಕ್ಕೆ ನಮ್ಮ ಕಾವೇರಿಯೇ ಬೇರೆಯವರಿಗೆ ಗೊತ್ತಿಲ್ಲದ ನೀರಾಗಿತ್ತು. ನಮ್ಮ ಸೋದರಮಾವ ಭೀಮೇಶ್ವರಿ ಕಡೆ ಹರಿಗೋಲು ಹಾಕುತ್ತಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಕೆಲವರು ಬಿಳಿಮೀನು, ಅಂದರೆ ಮಹಶೀರ್, ಹುಡುಕಿಕೊಂಡು ಬಂದರು. ಆ ಮೀನು ಮುಗಿದೇಹೋಯ್ತು ಅಂತ ಹೊರಗೆ ಎಷ್ಟೋ ಜನ ತಿಳಿದಿದ್ದರಂತೆ. ನಮ್ಮ ಹೊಳೆಬದಿಯವರಿಗೆ ಅದು ಎಲ್ಲಿ ಮಲಗುತ್ತೆ, ಎಲ್ಲಿ ಮೇಯುತ್ತೆ ಎಲ್ಲಾ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ಆಮೇಲೆ ಗಾಳಿಬೋರೆ, ದೊಡ್ಡಮಕ್ಕಳಿ, ಭೀಮೇಶ್ವರಿ ಎಲ್ಲಾ ಕಡೆ ಕ್ಯಾಂಪ್ ಆಯ್ತು. ವಿದೇಶದವರು ಪೆಟ್ಟಿಗೆ ತುಂಬಾ ಹೊಳೆಯುವ ತಗಡು ತರುತ್ತಿದ್ದರು. ನಮ್ಮವರು ಅದನ್ನು ಪಕ್ಕಕ್ಕಿಟ್ಟು ಗಾಳಕ್ಕೆ ರಾಗಿ ಉಂಡೆ ಕಟ್ಟಿ ಕೊಡುತ್ತಿದ್ದರು. ಮಾವ ಹೇಳುತ್ತಿದ್ದರು, ಮೀನು ಉಂಡೆ ಮೂಸೋವಾಗ ದಾರ ಒಂದು ಥರ ಅಲುಗುತ್ತೆ, ಕಲ್ಲಿಗೆ ಉಜ್ಜಿದಾಗ ಇನ್ನೊಂದು ಥರ, ಅದನ್ನು ತಿಳಿಯೋಕೆ ದೊರೆಗಳಿಗೆ ಮೂರು ದಿನ ಬೇಕು, ಆಮೇಲೆ ನಾಲ್ಕನೇ ದಿನ ಊರಿಗೆ ಹೊರಡ್ತಾರೆ ಅಂತ.

ಮೈಸೂರಿನಲ್ಲಿ ಹುಲಿ ಚರ್ಮಕ್ಕೆ ಜೀವ ಬಂದ ಹಾಗೆ ತುಂಬುತ್ತಿದ್ದ ವ್ಯಾನ್ ಇಂಗೆನ್ ಮನೆತನ ಗೊತ್ತಲ್ಲ, ಅವರಲ್ಲಿ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದರು. ಸುಮಾರು 54 ಕೆಜಿ. ಗಾಳದಲ್ಲಿ ಅದಕ್ಕಿಂತ ದೊಡ್ಡದು ಹಿಡಿದ ದಾಖಲೆ ಇಲ್ಲ.

ಈಗ ಆ ಜಾಗವೆಲ್ಲಾ ವನ್ಯಧಾಮ, ಗಾಳ ಹಾಕುವ ಹಾಗಿಲ್ಲ. ಕೆರೆಏರಿ ಅವರ ಮಾತಿಗೆ ಒಂದು ಸೇರಿಸ್ತೀನಿ. ಕಾವೇರಿಗೆ ಮೀನು ಕಡಿಮೆ ಆಯ್ತು ಅಂತ ಒಳ್ಳೇ ಮನಸ್ಸಿನಿಂದಲೇ ಲೋನಾವಳ ಕಡೆ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ತಂದು ಬಿಟ್ಟರು. ಅದು ತುಂಬಿಕೊಂಡಿತು. ನಮ್ಮ ಡುಬ್ಬದ, ಕೆಂಪು ಬಾಲದ ಬಿಳಿಮೀನು ಅಳಿವಿನ ಅಂಚಿಗೆ ಹೋಯ್ತು. ಅದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಖಚಿತವಾಗಿದ್ದೇ 2018ರಲ್ಲಿ. ಹೆಸರಿಡೋ ಹೊತ್ತಿಗೆ ಮೀನೇ ಇರಲಿಲ್ಲ ಅನ್ನೋ ಹಾಗಾಯ್ತು.

ಅದಿರಲಿ. ಮಗಾ, ಅಲ್ಲಿ ದೋಣಿ ನಡೆಸುವವನ ಕೈ ಎತ್ತ ತೋರುತ್ತೋ ಅತ್ತ ಎಸಿ. ನಿನ್ನ ಪೆಟ್ಟಿಗೆ ನೋಡಿ ಅವನು ನಕ್ಕರೆ ನಗಲಿ. ರಾಗಿ ತಗೊಂಡು ಹೋಗು, ತೂಕವೇನು ಇಲ್ಲವಲ್ಲ.

ಕರಿನೀರು

ಹಳೇಗಾಳ ಸಾರ್ ಹೇಳಿದ್ದು ಕೇಳಿ ನನ್ನ ಮುಖ ಕೆಂಪಾಯ್ತು. ನಾನು ಆ ನಾಲ್ಕನೇ ದಿನ ಊರಿಗೆ ಹೊರಡುವ ದೊರೆಯೇ.

ಮೈಸೂರಿನವನು, ಕಂಪ್ಯೂಟರ್ ಕೆಲಸ, ದುಡ್ಡು ಕೂಡಿಟ್ಟು ಬ್ರೆಜಿಲ್‌ಗೆ ಹೋಗಿದ್ದೆ. ಮನೌಸ್‌ನಿಂದ ಮೇಲೆ ಬಾರ್ಸೆಲೋಸ್, ರಿಯೋ ನೀಗ್ರೋ ನದಿ, ತುಕುನಾರೆ ಅಂತ ಮೀನು. ಅದರ ವಿಶ್ವದಾಖಲೆ 13 ಕೆಜಿ ಚಿಲ್ಲರೆ, ಅದೇ ನದಿಯಲ್ಲಿ 2010ರಲ್ಲಿ ಸಿಕ್ಕಿದ್ದು. ನೀರು ಕಡಿಮೆ ಇರುವ ಕಾಲದಲ್ಲಿ ಹೋಗಬೇಕು ಅಂತ ಓದಿಕೊಂಡು ನವೆಂಬರ್‌ಗೆ ಟಿಕೆಟ್ ಮಾಡಿದ್ದೆ. ಆ ನದಿ ವರ್ಷದಲ್ಲಿ ಹತ್ತು ಮೀಟರ್‌ಗೂ ಜಾಸ್ತಿ ಏರಿ ಇಳಿಯುತ್ತೆ. ಇಳಿದಾಗ ಮೀನೆಲ್ಲಾ ಹೊಂಡ ಮಡುಗಳಲ್ಲಿ ಗುಂಪಾಗುತ್ತೆ, ಏರಿದಾಗ ಕಾಡಿನೊಳಗೆ ಮರದ ಮಧ್ಯೆ ಹೋಗಿ ಹಣ್ಣು ಬೀಳೋ ಜಾಗದಲ್ಲಿ ಸುತ್ತುವ ಸಣ್ಣ ಮೀನು ತಿನ್ನುತ್ತೆ. ನಾನು ಹೋದ ವಾರ ಮೇಲೆಲ್ಲೋ ಮಳೆಯಾಗಿ ದಿನಕ್ಕೆ ಒಂದು ಗೇಣು ನೀರು ಏರಿತು. ಅಷ್ಟೇ. ಮೀನು ಕಾಡಿಗೆ ಹೋಯ್ತು, ನಾನು ದೋಣಿಯಲ್ಲಿ ಕೂತೆ. ಆರು ದಿನಕ್ಕೆ ನಾಲ್ಕು ತುಕುನಾರೆ, ದೊಡ್ಡದು ಮೂರು ಕೆಜಿ. ನಮ್ಮೂರಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿತಾ ಅಂತ ದಿನಾ ಪೇಪರ್ ನೋಡ್ತೀವಿ, ಅಲ್ಲಿಗೆ ಹೋಗುವಾಗ ನದಿ ಮಟ್ಟ ನೋಡಬೇಕು ಅಂತ ತಲೆಗೇ ಹೋಗಲಿಲ್ಲ.

ಆದರೆ ಒಂದು ಹೊಡೆತ ಮರೆಯೋಕಾಗಲ್ಲ. ಹಿಂದೆ ಫ್ಯಾನ್ ಇರುವ ಮರದ ಲೂರು, ನೀರಿನ ಮೇಲೆ ಗರ್ ಅಂತ ಸದ್ದು ಮಾಡಿಕೊಂಡು ಬರುತ್ತೆ. ಕರೀ ಟೀ ಥರದ ನೀರು, ಏನೂ ಕಾಣಲ್ಲ. ಯಾರೋ ಮೇಲಿಂದ ರುಬ್ಬುಗುಂಡು ಎತ್ತಿ ಹಾಕಿದ ಹಾಗೆ ಸದ್ದು. ಕೈಯಲ್ಲಿ ಕಡ್ಡಿ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮೀನು ಸಿಗಲಿಲ್ಲ, ಗಾಳ ನೇರ ಆಗಿತ್ತು. ಮೇಡಂ ಹೇಳಿದ ಉಂಗುರದ ಕಥೆ ನಂದೂ.

ಪಿರಾನಾ ಬಗ್ಗೆ ಎಲ್ಲರೂ ಕೇಳ್ತಾರೆ. ಅಲ್ಲಿನ ಮಕ್ಕಳು ಅದೇ ನೀರಲ್ಲಿ ಈಜ್ತಾರೆ. ನಾನು ಎಳೆಯುತ್ತಿದ್ದ ಒಂದು ಮೀನಿನ ಬಾಲ ಮಾತ್ರ ಕಚ್ಚಿಕೊಂಡು ಹೋಯ್ತು. ನಿಜವಾಗಿ ಭಯ ಪಡಬೇಕಾದ್ದು ಮರಳಲ್ಲಿ ಹೂತು ಮಲಗುವ ತೊರಕೆ ಮೀನಿಗೆ, ಬಾಲದಲ್ಲಿ ವಿಷದ ಮುಳ್ಳು. ಕಾಲು ಎತ್ತಿ ಇಡಬಾರದು, ಮರಳ ಮೇಲೆ ಉಜ್ಜಿಕೊಂಡು ನಡೀಬೇಕು, ಆಗ ಅದೇ ಸರಿದುಹೋಗುತ್ತೆ. ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟರೆ ನೋವು ಇಳಿಯುತ್ತೆ, ಆಮೇಲೆ ಡಾಕ್ಟರ್ ಹತ್ತಿರ.

ಇನ್ನೊಂದು, ಅಮೆಜಾನ್ ಅಥವಾ ಆಫ್ರಿಕಾ ಕಡೆ ಹೋಗೋರಿಗೆ. ಹಳದಿ ಜ್ವರದ ಲಸಿಕೆ ಹೊರಡೋಕೆ ಹತ್ತು ದಿನ ಮೊದಲೇ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ಆ ದೇಶಗಳಿಂದ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ಆರು ದಿನದವರೆಗೆ ಬೇರೆ ಇಡಬಹುದು. ಒಂದು ಸಲ ಹಾಕಿಸಿದರೆ ಸಾಕು, ಜೀವನಪೂರ್ತಿ ನಡೆಯುತ್ತೆ. ಮಲೇಷ್ಯಾಗೆ ಇದರ ತಲೆನೋವಿಲ್ಲ.

ಪುಟ್ಗಾಳ

ಅಷ್ಟು ಖರ್ಚು ಮಾಡಿ ನಾಲ್ಕು ಮೀನಾ? ದೇವರಾಜ ಮಾರ್ಕೆಟ್ ಹತ್ತಿರ ಹೋಗಿದ್ರೆ ಒಂದು ಬುಟ್ಟಿ ಬರ್ತಿತ್ತಲ್ಲ ಸಾರ್.

ಕರಿನೀರು

ನನ್ನ ಹೆಂಡತಿಯೂ ಇದನ್ನೇ ಅಂದಳು, ಇದೇ ಮಾತಿನಲ್ಲಿ.

ನಾಲೆಬದಿಯವ

(ಹೋಗಿ ಬಂದ ಮೇಲೆ)

ಬಂದು ಹತ್ತು ದಿನ ಆಯ್ತು. ಕೊನೆಯ ಭಾಗ ಬರೀಲೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ, ಬರೆದೇಬಿಡ್ತೀನಿ.

ಮೊದಲ ದಿನ ಸೊನ್ನೆ. ನಾಲೆಯಲ್ಲಿ ಮಾಡುವ ಹಾಗೆ ದಡದ ಹುಲ್ಲಿಗೆ ಎಸೆದೆ, ಮರದ ಬುಡಕ್ಕೆ ಎಸೆದೆ, ಇನ್ನೂರು ಮುನ್ನೂರು ಸಲ ಎಸೆದಿರಬೇಕು, ಭುಜ ಬಿದ್ದುಹೋಯ್ತು. ದೋಣಿ ನಡೆಸುವವರು ಐವತ್ತು ದಾಟಿದ ಮನುಷ್ಯ, ನನಗೆ ಮಲಯ್ ಬರಲ್ಲ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಸುಮ್ನೆ ಕೂತು ಸಿಗರೇಟು ಸೇದುತ್ತಿದ್ದರು. ಎರಡನೇ ದಿನ ಬೆಳಿಗ್ಗೆ ನನ್ನ ಕಡ್ಡಿ ಹಿಡಿದು ತಗ್ಗಿಸಿದರು, ಕೂತ್ಕೋ ಅಂತ ಕೈಯಲ್ಲೇ ಹೇಳಿದರು. ಎಂಜಿನ್ ಆಫ್. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ದೂರದಲ್ಲಿ ಗುಳುಕ್ ಅಂತ ಒಂದು ಸದ್ದು, ಒಂದು ಸಣ್ಣ ಸುಳಿ. ಟೋಮನ್ ಉಸಿರು ತಗೊಳ್ಳೋಕೆ ಮೇಲೆ ಬಂದಿತ್ತು.

ಅಷ್ಟು ಹೊತ್ತಿಗೆ ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸ್ತು. ಕೊರವನೂ ಹೀಗೇ ಅಲ್ವಾ? ಗಾಳಿ ಕುಡಿಯೋಕೆ ಮೇಲೆ ಬರಲೇಬೇಕು. ನಾಲೆಯಲ್ಲಿ ಆ ಗುಳುಕ್ ಕೇಳಿದ ಕೂಡಲೇ ನಾನು ತಿರುಗ್ತೀನಿ. ಅಲ್ಲಿ ನೀರು ದೊಡ್ಡದು, ಕಾಡು ದೊಡ್ಡದು ಅಂತ ಕಣ್ಣು ಕಿವಿ ಎರಡೂ ಊರಲ್ಲೇ ಬಿಟ್ಟು ಹೋಗಿದ್ದೆ. ಸುಳಿ ಇದ್ದಲ್ಲಿಗೆ ಎಸೆಯಬಾರದು, ಅದು ಯಾವ ಕಡೆ ಮುಖ ಮಾಡಿ ಮುಳುಗಿತೋ ಆ ಕಡೆ ಎರಡು ಮಾರು ಮುಂದೆ ಎಸೆಯಬೇಕು. ಮಧ್ಯಾಹ್ನದೊಳಗೆ ಎರಡು ಹೊಡೆತ ಬಿತ್ತು, ಒಂದು ಬೊಡ್ಡೆಗೆ ಸುತ್ತಿಕೊಂಡು ಹೋಯ್ತು, ಇನ್ನೊಂದು ಬಂತು. ನಾಲ್ಕೂಕಾಲು ಕೆಜಿ. ಕೈ ನಡುಗಿ ಫೋಟೋದಲ್ಲಿ ಮೀನಿನ ಅರ್ಧ ತಲೆ ಇಲ್ಲ. ಬಿಟ್ಟೆ.

ಮೂರನೇ ದಿನದ್ದು ಇದು. ಒಂದು ಕೊಲ್ಲಿಯಲ್ಲಿ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಟೋಮನ್ ಮರಿಗಳು, ನೂರಾರು, ಒಟ್ಟಿಗೆ ಉಸಿರಿಗೆ ಏಳ್ತಿದ್ದವು. ಕೆಳಗೆ ಅಪ್ಪ ಅಮ್ಮ ಕಾವಲು ಇರುತ್ತೆ, ಮರಿ ಮಧ್ಯೆ ಏನು ಬಿದ್ದರೂ ಸಿಟ್ಟಿಗೆ ಹೊಡೆಯುತ್ತೆ. ಬಾಮೈದನ ಗೆಳೆಯರು ಎಸಿ ಎಸಿ ಅಂದರು. ದೋಣಿಯವರು ಬೇಡ ಅಂತ ತಲೆ ಆಡಿಸಿದ್ದು ನೋಡಿದೆ. ನೋಡಿಯೂ ಎಸೆದೆ. ಮೊದಲ ಎಸೆತಕ್ಕೇ ಬಿತ್ತು. ಏಳು ಕೆಜಿ ಹತ್ತಿರ ಇತ್ತು. ತೂಕ ನೋಡಿ, ಫೋಟೋ ತೆಗೆದು, ಗಾಳ ಬಿಡಿಸಿ ಬಿಡೋವಷ್ಟರಲ್ಲಿ ಮೂರು ನಾಲ್ಕು ನಿಮಿಷ ಆಗಿರಬೇಕು. ಅಷ್ಟರಲ್ಲಿ ಆ ಕೆಂಪು ಚದುರಿತ್ತು, ಕೆಳಗಿಂದ ಸೆಬಾರಾವ್ ಮೀನುಗಳು ಚಟಪಟ ಅಂತ ತಿನ್ನುತ್ತಿದ್ದವು. ದೋಣಿಯವರು ಏನೂ ಅನ್ನಲಿಲ್ಲ, ಎಂಜಿನ್ ಹಾಕಿದರು.

ಕೆರೆಏರಿ

ಫೋಟೋ ಹಾಕಬೇಡಿ ದಯವಿಟ್ಟು.

ಪುಟ್ಗಾಳ

ಅಯ್ಯೋ ಬಿಡಿ ಸಾರ್, ಬಿಟ್ಟಿದ್ದಾರಲ್ಲ ವಾಪಸ್. ನಮ್ಮೂರಲ್ಲಿ ಕೊರವ ಮರಿ ಮಾಡ್ಕೊಂಡು ಇದ್ರೆ ತಾಯಿ ಹಿಡಿಯಲ್ವಾ ಎಲ್ಲರೂ? ಅದೇ ಸುಲಭ.

ಕೆರೆಏರಿ

ಎಲ್ಲರೂ ಹಿಡೀತಾರೆ, ಅದಕ್ಕೇ ಕೊರವ ಎಲ್ಲಿದೆ ಈಗ ತೋರಿಸಿ. ಹೊಟ್ಟೆಗೆ ಇಲ್ಲದವನು ಹಿಡಿದರೆ ಬೇರೆ ಮಾತು.

ಮಳೆಕಾಡು

ಇಲ್ಲೂ ಈ ಜಗಳ ಇದ್ದೇ ಇದೆ. ಕೆಲವರು ಮರಿ ಗುಂಪಿಗೆ ಮಾತ್ರ ಎಸೆಯೋಕೆ ಬರ್ತಾರೆ, ಖಂಡಿತ ಹೊಡೆಯುತ್ತೆ ಅಂತ. ನಾನು ಮೊದಲ ಸಲ ಎಸೆದಿದ್ದೇನೆ, ಸುಳ್ಳು ಹೇಳಲ್ಲ. ಜೋಡಿಯಲ್ಲಿ ಇನ್ನೊಂದು ಅಲ್ಲೇ ಇದ್ದರೆ ಸ್ವಲ್ಪ ಮರಿ ಉಳಿಯುತ್ತೆ. ಬೇಗ ಬಿಟ್ಟರೆ ಹಿಡಿದದ್ದೂ ವಾಪಸ್ ಹೋಗಬಹುದು. ನಾಲ್ಕು ನಿಮಿಷ ಜಾಸ್ತಿ ಆಯ್ತು.

ನಾಲೆಬದಿಯವ

ಗೊತ್ತು ಮೇಡಂ. ಮೊನ್ನೆ ನಾಲೆ ಸೇತುವೆ ಕೆಳಗೆ ಕೊರವ ಮರಿ ಗುಂಪು ಕಂಡಿತು. ಕಡ್ಡಿ ಕೈಯಲ್ಲೇ ಇತ್ತು, ಸ್ವಲ್ಪ ಹೊತ್ತು ನೋಡಿ ಮುಂದೆ ಹೋದೆ. ಅಲ್ಲಿ ಎರಡು ಹುಡುಗರು ಬರ್ತಿದ್ದರು, ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ.

ಹಳೇಗಾಳ

ರಾಗಿ ಏನಾಯ್ತು?

ನಾಲೆಬದಿಯವ

ಅಯ್ಯೋ ಅದು ಮರೆತೇಹೋಗಿತ್ತು. ಕೊನೆಯ ದಿನ ಸಂಜೆ ಒಂದು ತೊರೆ ಬಾಯಲ್ಲಿ ಕೆಲಾಗೆ ಹಾಕೋಣ ಅಂದೆ, ಅದು ಅಲ್ಲಿಯ ಮಹಶೀರ್. ಅವರು ಅದಕ್ಕೆ ತಾಳೆ ಎಣ್ಣೆ ಹಣ್ಣು ಚುಚ್ಚುತ್ತಾರೆ. ನಾನು ಹಿಟ್ಟು ತೆಗೆದು ನೀರು ಹಾಕಿ ಕಲಸಿದೆ. ದೋಣಿಯವರು ಬೆರಳಲ್ಲಿ ತೆಗೆದು ಮೂಸಿ, ನಾಲಿಗೆಗೆ ಹಚ್ಚಿಕೊಂಡು, ಏನೋ ಹೇಳಿ ನಕ್ಕರು. ಆ ಮೂರು ದಿನದಲ್ಲಿ ಅವರು ನನ್ನ ಜೊತೆ ನಕ್ಕಿದ್ದು ಅದೊಂದೇ ಸಲ. ಆದರೆ ನೀರಿಗೆ ಹಾಕಿದ ಕೂಡಲೇ ಉಂಡೆ ಕರಗಿಹೋಗ್ತಿತ್ತು, ಗಾಳದಲ್ಲಿ ನಿಲ್ಲಲೇ ಇಲ್ಲ. ಚಿಕ್ಕ ಚಿಕ್ಕ ಮೀನು ಬಂದು ಹಬ್ಬ ಮಾಡಿಕೊಂಡು ಹೋದವು.

ಹಳೇಗಾಳ

ಹಿಟ್ಟು ಬೇಯಿಸಿದ್ದೆಯಾ, ಹಸಿದಾ?

ನಾಲೆಬದಿಯವ

ಹಸಿದು.

ಹಳೇಗಾಳ

ಮಂಡ್ಯದವನಾಗಿ ಹಸಿ ರಾಗಿ ಹಾಕಿದೆಯಲ್ಲೋ. ಗಟ್ಟಿ ಕಲಸಿ, ಉಂಡೆ ಮಾಡಿ, ಕುದಿಯೋ ನೀರಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಮತ್ತೆ ನಾದಬೇಕು. ಮುಂದಿನ ಸಲ ಹೋಗೋ ಮೊದಲು ನಮ್ಮ ಮನೆಗೆ ಬಾ, ತೋರಿಸ್ತೀನಿ.